ಕಾರ್ವೆಟ್‌ನ ಅಡಗುದೀಪಗಳು: ವ್ಯಾಕ್ಯೂಮ್ ಉಳಿಸುವುದೋ, ಮೋಟಾರು ಕೂರಿಸುವುದೋ

1968ರಿಂದ 1982ರವರೆಗೆ ತಯಾರಾದ ಮೂರನೆಯ ತಲೆಮಾರಿನ ಷೆವ್ರೊಲೆ ಕಾರ್ವೆಟ್‌ನ ಹೆಡ್‌ಲೈಟುಗಳು ಹಗಲೆಲ್ಲ ಬಾನೆಟ್ಟಿನ ಮಟ್ಟಕ್ಕೆ ಮಲಗಿದ್ದು, ಸ್ವಿಚ್ಚನ್ನು ಎಳೆದಾಗ ಎದ್ದು ನಿಲ್ಲುತ್ತವೆ. ಅವುಗಳನ್ನು ಎಬ್ಬಿಸುವುದು ವಿದ್ಯುತ್ತಲ್ಲ, ಎಂಜಿನ್ನಿನ ಹೀರುಬಲ. ಎಂಜಿನ್ನಿಗೆ ಗಾಳಿ ಒಯ್ಯುವ ಇನ್ಲೆಟ್ ಮ್ಯಾನಿಫೋಲ್ಡಿನಲ್ಲಿ ಉಂಟಾಗುವ ವ್ಯಾಕ್ಯೂಮ್, ಅಂದರೆ ಹೊರಗಿನ ಗಾಳಿಗಿಂತ ಕಡಿಮೆಯಾದ ಒತ್ತಡ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್ ದಾಟಿ ಟ್ಯಾಂಕಿನಲ್ಲಿ ಸಂಗ್ರಹವಾಗುತ್ತದೆ; ಅಲ್ಲಿಂದ ದಾರಿ ಬದಲಿಸುವ ರಿಲೇ ವಾಲ್ವಿನ ಮೂಲಕ ಪ್ರತಿ ದೀಪದ ಹಿಂದಿರುವ ಡಯಾಫ್ರಮ್ ಡಬ್ಬಿಯ (ಒಳಗೆ ರಬ್ಬರ್ ಪೊರೆಯಿರುವ ಡಬ್ಬಿಯ) ಒಂದು ಬದಿಗೆ ಹೋದರೆ ದೀಪ ಏಳುತ್ತದೆ, ಇನ್ನೊಂದು ಬದಿಗೆ ಹೋದರೆ ಮಲಗುತ್ತದೆ. ಮಿಷಿಗನ್‌ನಲ್ಲಿರುವ ನನ್ನ ಮನೆಯ ಗ್ಯಾರೇಜಿನ 1972ರ ಕಾರಿನ ಮೇಲೆ ಕಳೆದ ಕೆಲವು ವರ್ಷಗಳಲ್ಲಿ ನಾನು ಮೂರು ಏರ್ಪಾಡುಗಳನ್ನು ಪ್ರಯತ್ನಿಸಿದ್ದೇನೆ: ಮೂಲ ವ್ಯವಸ್ಥೆಯ ದುರಸ್ತಿ, ಅದಕ್ಕೆ ವಿದ್ಯುತ್ ಪಂಪಿನ ಆಸರೆ, ಕೊನೆಗೆ ಡಬ್ಬಿಗಳನ್ನೇ ತೆಗೆದು ಮೋಟಾರುಗಳು.

ಕಾರು ನನ್ನ ಕೈಗೆ ಬಂದಾಗ ಬಲಗಡೆಯ ದೀಪ ತಕ್ಷಣ ಏಳುತ್ತಿತ್ತು, ಎಡಗಡೆಯದು ಯೋಚನೆ ಮಾಡಿ ಅರ್ಧಕ್ಕೆ ನಿಲ್ಲುತ್ತಿತ್ತು. ಊರಿನಿಂದ ಬಂದಿದ್ದ ನಮ್ಮ ಮಾವನವರು ಅದನ್ನು ನೋಡಿ, ನಿಮ್ಮ ಕಾರು ದಾರಿಯಲ್ಲಿ ಹೋಗುವವರಿಗೆಲ್ಲ ಕಣ್ಣು ಹೊಡೆಯುತ್ತದಲ್ಲ ಎಂದಿದ್ದರು. ಕೈಪಂಪು ಮತ್ತು ಮೀಟರು ಜೋಡಿಸಿ ಒಂದೊಂದೇ ಭಾಗವನ್ನು ಪರೀಕ್ಷಿಸಿದಾಗ ಎಡಗಡೆಯ ಡಬ್ಬಿಯಲ್ಲಿ ಸರಳು ಹೊರಬರುವ ಕಡೆಯ ಸೀಲು ಸವೆದಿರುವುದೂ, ಹಲವು ಹೋಸುಗಳು ತುದಿಯಲ್ಲಿ ಗಟ್ಟಿಯಾಗಿ ಬಿರುಕುಬಿಟ್ಟಿರುವುದೂ ತಿಳಿಯಿತು. ಈ ಸೋರಿಕೆ ದೀಪಕ್ಕಷ್ಟೇ ಸಂಬಂಧಿಸಿದ್ದಲ್ಲ. ಹೊರಗಿನ ಗಾಳಿ ಅದೇ ದಾರಿಯಲ್ಲಿ ಎಂಜಿನ್ನಿನೊಳಗೆ ಸೇರುವುದರಿಂದ ಪೆಟ್ರೋಲಿನ ಪಾಲು ಕಡಿಮೆಯಾಗಿ ಐಡಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವುದು, ಒರಟಾಗುತ್ತದೆ. ನಾನು ಎರಡು ಬಾರಿ ಕಾರ್ಬ್ಯುರೇಟರನ್ನು ಬಿಚ್ಚಿ ಕೂರಿಸಿದ್ದು ವ್ಯರ್ಥವಾಯಿತೆಂಬುದು ಆಮೇಲೆ ಗೊತ್ತಾಯಿತು.

ಹೋಸು, ಸೀಲು, ಚೆಕ್ ವಾಲ್ವ್ ಇಷ್ಟನ್ನೂ ಬದಲಿಸಿದ ಮೇಲೆ ಮೂಲ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡಿತು. ಖರ್ಚು ಮೂರರಲ್ಲಿ ಇದಕ್ಕೇ ಕಡಿಮೆ, ಶ್ರಮ ಮಾತ್ರ ಹೆಚ್ಚು, ಏಕೆಂದರೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಸ್ವಿಚ್ಚಿನ ಹಿಂದಿನ ಸಣ್ಣ ಹೋಸುಗಳನ್ನು ಬೆರಳ ತುದಿಯಲ್ಲೇ ತಳ್ಳಿ ಕೂರಿಸಬೇಕು. ಎರಡು ದೀಪಗಳೂ ಒಂದೇ ಕ್ಷಣದಲ್ಲಿ ಏಳುವಂತೆ ಮಾಡಲು ನನ್ನಿಂದ ಎಂದೂ ಆಗಲಿಲ್ಲ.

ಪಂಪಿನ ಏರ್ಪಾಡಿನಲ್ಲಿ ಡಬ್ಬಿ, ಹೋಸು, ಟ್ಯಾಂಕು ಎಲ್ಲವೂ ಹಾಗೆಯೇ ಉಳಿದು, ಎಂಜಿನ್ನಿನ ಬದಲು 12 ವೋಲ್ಟಿನ ಪಂಪೊಂದು ವ್ಯಾಕ್ಯೂಮ್ ಟ್ಯಾಂಕಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ಆರೋಗ್ಯವಾಗಿರುವ ಮೂಲ ಎಂಜಿನ್ ಸಮುದ್ರಮಟ್ಟದಲ್ಲಿ ಐಡಲಿಂಗ್‌ನಲ್ಲಿ ಸುಮಾರು 18ರಿಂದ 20 ಅಂಗುಲ ಪಾದರಸದಷ್ಟು (ವ್ಯಾಕ್ಯೂಮಿನ ಅಳತೆ) ವ್ಯಾಕ್ಯೂಮ್ ಕೊಡುತ್ತದೆ, ಪ್ರತಿ 1,000 ಅಡಿ ಎತ್ತರಕ್ಕೆ ಅದು ಸುಮಾರು ಒಂದು ಅಂಗುಲ ಇಳಿಯುತ್ತದೆ. ಆದ್ದರಿಂದ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಬದಲು ರೇಸಿನದನ್ನು ಹಾಕಿಸಿ ವ್ಯಾಕ್ಯೂಮ್ ಕಳೆದುಕೊಂಡವರಿಗೆ, ಅಥವಾ ಡೆನ್ವರ್‌ನಂತಹ ಎತ್ತರದ ಊರಿನವರಿಗೆ ಪಂಪು ನಿಜವಾಗಿಯೂ ಉಪಯುಕ್ತ. ನನ್ನ ಎಂಜಿನ್ನಿಗೆ ಅದರ ಅಗತ್ಯವೇ ಇರಲಿಲ್ಲ. ಇನ್ನೊಂದು ಆಕ್ಷೇಪವೂ ಇದೆ: ಪಂಪು ಸೋರಿಕೆಯನ್ನು ಸರಿಪಡಿಸುವುದಿಲ್ಲ, ಮುಚ್ಚಿಡುತ್ತದೆ. ಎಲ್ಲೋ ಒಂದು ಹೋಸು ಸಡಿಲವಾದ ದಿನ ಅದು ನಿಲ್ಲದೆ ಗೊರಗುಡುತ್ತ ಬ್ಯಾಟರಿಯನ್ನು ತಿನ್ನುತ್ತಿತ್ತು. ಒಂದು ಬೇಸಿಗೆ ಕಳೆಯುವುದರೊಳಗೆ ಅದನ್ನು ತೆಗೆದುಹಾಕಿದೆ.

ಮೋಟಾರು ಹಾಕುವುದು ಅಪಚಾರವೆಂದು ಭಾವಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. 1963ರಿಂದ 1967ರವರೆಗಿನ ಕಾರ್ವೆಟ್‌ಗಳಲ್ಲಿ ದೀಪಗಳನ್ನು ತಿರುಗಿಸುತ್ತಿದ್ದುದು ವಿದ್ಯುತ್ ಮೋಟಾರುಗಳೇ. 1984ರ ಮಾದರಿಯಲ್ಲಿ ಕಂಪನಿ ಮತ್ತೆ ಮೋಟಾರಿಗೇ ಮರಳಿತು. ಹೀಗಾಗಿ ಮನಸ್ಸಿನಲ್ಲಿ ಅಳುಕಿಲ್ಲದೆಯೇ ಮೋಟಾರುಗಳ ಕಿಟ್ ತರಿಸಿದೆ. ಡಬ್ಬಿ ಕೂರುವ ಜಾಗದಲ್ಲೇ ಮೋಟಾರು ಕೂರುವುದರಿಂದ ಹೊಸದಾಗಿ ರಂಧ್ರ ಕೊರೆಯಬೇಕಾಗಲಿಲ್ಲ. ದೀಪ ತುದಿ ಮುಟ್ಟಿ ಮೋಟಾರಿಗೆ ತಡೆಯಾದಾಗ ಕರೆಂಟು ಏರುತ್ತದೆ, ಕಿಟ್ಟಿನ ನಿಯಂತ್ರಕ ಅದನ್ನು ಗುರುತಿಸಿ ಮೋಟಾರನ್ನು ನಿಲ್ಲಿಸುತ್ತದೆ.

ನಾನು ಎಡವಿದ್ದು ಎರಡು ಕಡೆ. ಈ ಕಾರಿನ ಮೈ ಫೈಬರ್‌ಗ್ಲಾಸಿನದು. ಉಕ್ಕಿನ ಕಾರಿನಲ್ಲಿ ಮಾಡುವಂತೆ ಹತ್ತಿರ ಸಿಕ್ಕ ಬೋಲ್ಟಿಗೆ ಅರ್ಥ್ ವೈರನ್ನು ಬಿಗಿದರೆ ಕರೆಂಟು ಎಲ್ಲಿಗೂ ಹೋಗುವುದಿಲ್ಲ. ಇದು ಗೊತ್ತಿದ್ದೂ ಒಂದು ಸಂಜೆಯೆಲ್ಲ ಹುಡುಕಾಡಿ, ಕೊನೆಗೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಗೆ ಪ್ರತ್ಯೇಕ ವೈರು ಎಳೆದ ಮೇಲೆ ಮೋಟಾರು ತಿರುಗಿತು. ಎರಡನೆಯದು, ನವೆಂಬರಿನ ಮೊದಲ ಚಳಿಗೆ ಎಡದೀಪ ಮತ್ತೆ ಅರ್ಧಕ್ಕೆ ನಿಂತದ್ದು. ಕಿಟ್ಟನ್ನು ಮನಸಾರೆ ಶಪಿಸಿ ಬಿಚ್ಚಿ ನೋಡಿದರೆ, ಅಲ್ಲಿನ ಕೀಲು ತಿರುಗುವ ಬಳೆ, ಅಂದರೆ ಬುಷ್, ಗ್ರೀಸ್ ಕಾಣದೆ ಎಷ್ಟೋ ವರ್ಷಗಳಾಗಿದ್ದವು. ಬಿಗಿಯಾದ ಕೀಲನ್ನು ನಿಯಂತ್ರಕವು ದಾರಿಯ ಕೊನೆಯೆಂದು ತಿಳಿದು ಮೋಟಾರನ್ನು ನಿಲ್ಲಿಸುತ್ತಿತ್ತು. ಮೊದಲ ದುರಸ್ತಿಯಲ್ಲಿ ಬರೀ ಸೋರಿಕೆಯ ಬೆನ್ನುಹತ್ತಿ ಕೀಲನ್ನು ನೋಡದೇ ಬಿಟ್ಟಿದ್ದೆನಾದ್ದರಿಂದ, ವ್ಯಾಕ್ಯೂಮಿನ ಮೇಲೆ ನಾನು ಹೊರಿಸಿದ್ದ ಆರೋಪದಲ್ಲಿ ಒಂದು ಪಾಲು ಅನ್ಯಾಯದ್ದೇ ಆಗಿತ್ತು. ಯಾವ ಏರ್ಪಾಡನ್ನೇ ಆರಿಸಿಕೊಂಡರೂ ಹೋಸನ್ನು ಕಳಚಿ, ದೀಪವನ್ನು ಕೈಯಿಂದ ಎತ್ತಿ ಇಳಿಸಿ ನೋಡಿ, ಅದು ಸಲೀಸಾಗಿ ಆಡುವವರೆಗೆ ಹಣ ಖರ್ಚು ಮಾಡದಿರುವುದು ಒಳ್ಳೆಯದು.

ಬುಷ್ ಬದಲಿಸಿದ ಮೇಲೆ ಎರಡು ದೀಪಗಳೂ ಜೊತೆಯಾಗಿ ಏಳುತ್ತಿವೆ, ಎಂಜಿನ್ ಆಫ್ ಆಗಿದ್ದಾಗಲೂ ಎಷ್ಟು ಸಲ ಬೇಕಾದರೂ ಏಳುತ್ತವೆ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವನಾದ್ದರಿಂದ ನಾನು ಮೋಟಾರನ್ನೇ ಉಳಿಸಿಕೊಂಡಿದ್ದೇನೆ. ಪ್ರದರ್ಶನಗಳಲ್ಲಿ ಮೂಲಸ್ಥಿತಿಗೆ ಅಂಕ ಬಯಸುವವರಿಗೆ ದುರಸ್ತಿಯೇ ಸರಿ. ಹಳೆಯ ಡಬ್ಬಿಗಳನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಆದರೆ ವ್ಯಾಕ್ಯೂಮಿನಿಂದ ಪೂರ್ತಿ ಬಿಡುಗಡೆ ಸಿಕ್ಕಿತೆನ್ನುವಂತಿಲ್ಲ. 1972ರವರೆಗಿನ ಈ ಕಾರುಗಳಲ್ಲಿ ವೈಪರುಗಳನ್ನು ಮುಚ್ಚುವ ಬಾಗಿಲೂ ವ್ಯಾಕ್ಯೂಮಿನಿಂದಲೇ ತೆರೆಯುತ್ತದೆ, ಕಿಟ್ ಮಾರುವವರು ಅದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಟ್ಯಾಂಕನ್ನೂ ಒಂದು ಸಾಲು ಹೋಸನ್ನೂ ಅದಕ್ಕಾಗಿ ಉಳಿಸಿ, ದೀಪಗಳ ಕಡೆಗಿದ್ದ ಕವಲುಗಳಿಗೆ ರಬ್ಬರ್ ಬಿರಡೆ ಹಾಕಿದ್ದೇನೆ.