ಟ್ರೈಲರ್‌ಗೆ ಬಾಯಿ ಬೀಗ ಸಾಲದು, ಕಾಲಿಗೂ ಬೇಕು: ಮೂರೂವರೆ ವರ್ಷ ಬಳಸಿದ ಮೇಲೆ

ಕಾರಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಟ್ರೈಲರ್ ಚಿಕ್ಕದು. ಒಂದು ಆಕ್ಸಲ್, ಎರಡು ಚಕ್ರ, ಒಳಗೆ ನಾಲ್ಕು ಜನ ಮಲಗುವಷ್ಟು ಜಾಗ, ಹಿಂದೆ ಪುಟ್ಟದೊಂದು ಅಡುಗೆ ಕಟ್ಟೆ. ವರ್ಷಕ್ಕೆ ಏಳೆಂಟು ಸಲ ಸಕಲೇಶಪುರ, ಮುರುಡೇಶ್ವರ ಅಂತ ಎಳೆದುಕೊಂಡು ಹೋಗುತ್ತೇವೆ. ಉಳಿದ ದಿನವೆಲ್ಲ ಅದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ, ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿರುತ್ತದೆ. ನಾನು ಬರೆಯುತ್ತಿರುವುದು ಆ ನಿಂತ ದಿನಗಳ ಬಗ್ಗೆ. ಅದನ್ನು ಕಾಯಲು ಮೂರೂವರೆ ವರ್ಷದಲ್ಲಿ ತಂದ ಸಾಮಾನು, ಅದರಲ್ಲಿ ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಎಂಬುದರ ಬಗ್ಗೆ.

ಕಾರು ಕದಿಯಲು ಕೀ ಬೇಕು. ಸ್ಟೀರಿಂಗ್ ಲಾಕ್ ಇರುತ್ತದೆ, ಈಗಿನ ಕಾರುಗಳಲ್ಲಿ ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದ ಹಾಗೆ ತಡೆಯುವ ಇಮೊಬಿಲೈಸರ್ ಇರುತ್ತದೆ. ಟ್ರೈಲರ್‌ಗೆ ಇದ್ಯಾವುದೂ ಇಲ್ಲ. ಹಿಂದೆ ಟ್ರೈಲರ್ ಎಳೆಯುವ 50 ಎಂಎಂ ಗುಂಡು ಹಾಕಿಸಿಕೊಂಡ ಯಾವ ಗಾಡಿ ಬಂದರೂ ಸರಿ, ಆ ಗುಂಡನ್ನು ಕಚ್ಚುವ ಟ್ರೈಲರ್‌ನ ಬಾಯಿ, ಅಂದರೆ ಕಪ್ಲರ್, ಅದರ ಮೇಲೆ ಇಳಿಸಿ, ಲಿವರ್ ಒತ್ತಿ, ಎರಡು ನಿಮಿಷದಲ್ಲಿ ಹೊರಡಬಹುದು. ಕೊಂಡ ದಿನ ನಮಗೆ ಇದು ಹೊಳೆದಿರಲಿಲ್ಲ. ರಾತ್ರಿ ಮಲಗಿದಾಗ ಹೊಳೆಯಿತು.

ಮೊದಲು ಆನ್‌ಲೈನ್‌ನಲ್ಲಿ 900 ರೂಪಾಯಿಯ ಕಪ್ಲರ್ ಬೀಗ ತರಿಸಿದೆವು. ನೋಡಲು ದಪ್ಪ, ಹಳದಿ ಬಣ್ಣ, ಗಟ್ಟಿಮುಟ್ಟು ಅನ್ನಿಸಿತು. ನನ್ನ ತಮ್ಮನಿಗೆ ಪೀಣ್ಯದಲ್ಲಿ ಲೇತ್ ಅಂಗಡಿ ಇದೆ. ಅವನು ಕೈಯಲ್ಲಿ ಹಿಡಿದವನೇ "ಅಕ್ಕಾ, ಇದು ಕಬ್ಬಿಣ ಅಲ್ಲ" ಅಂದ. ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಎರಡೇ ಏಟು. ಅಚ್ಚು ಬೆಲ್ಲ ಒಡೆದ ಹಾಗೆ ಒಡೆಯಿತು. ಒಳಗೆ ಬೂದು ಬಣ್ಣ, ಪುಡಿಪುಡಿ. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮಾಡಿದ ಬೀಗ ಅದು. ಅವತ್ತು ಅವನು ಕಲಿಸಿದ್ದು ಇಷ್ಟು: ಬೀಗದ ಮೈಗೆ ಆಯಸ್ಕಾಂತ ಹಿಡಿದು ನೋಡು. ಸತು ಅಂಟುವುದಿಲ್ಲ, ಉಕ್ಕು ಅಂಟುತ್ತದೆ. ಕೊಂಡಿಗೆ ಹಿಡಿದು ಮೋಸ ಹೋಗಬೇಡ, ಕೊಂಡಿ ಸಾಮಾನ್ಯವಾಗಿ ಕಬ್ಬಿಣದ್ದೇ ಇರುತ್ತದೆ, ಮೈಗೆ ಹಿಡಿ.

ಎರಡನೆಯದು 3,400 ರೂಪಾಯಿಯ ಉಕ್ಕಿನ ಬೀಗ. ಕೆಳಗಿನಿಂದ ಒಂದು ಉಕ್ಕಿನ ಗುಂಡು ಕಪ್ಲರ್‌ನ ಬಾಯೊಳಗೆ ಕೂರುತ್ತದೆ, ಮೇಲಿನಿಂದ ಯು ಆಕಾರದ ದಪ್ಪ ಪಟ್ಟಿ ಬಂದು ಬಿಗಿಯುತ್ತದೆ. ಬಾಯಿ ತುಂಬಿಬಿಟ್ಟರೆ ಬೇರೆ ಗುಂಡು ಒಳಗೆ ಹೋಗಲ್ಲ. ಲಿವರ್‌ನ ತೂತಿಗೆ ಹಾಕುವ ಸಣ್ಣ ಪಿನ್ ಬೀಗಗಳೂ ಸಿಗುತ್ತವೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ, ಕಾರಿಗೆ ಜೋಡಿಸಿಯೇ ಇದ್ದಾಗ, ಅವು ಸಾಕು. ಬಿಚ್ಚಿ ನಿಲ್ಲಿಸಿದ ಟ್ರೈಲರ್‌ಗೆ ಸಾಲವು. ಬಾಯಿ ಖಾಲಿ ಇರುತ್ತದಲ್ಲ, ಸ್ವಲ್ಪ ಚಿಕ್ಕ ಗುಂಡಿನ ಮೇಲೆ ಕೂರಿಸಿಕೊಂಡು ನಾಲ್ಕು ಕಿಲೋಮೀಟರ್ ಎಳೆದುಬಿಡಬಹುದು.

ಉಕ್ಕಿನ ಬೀಗದ ದೊಡ್ಡ ತೊಂದರೆ ಮಳೆ. ಮೊದಲ ವರ್ಷವೇ ಬೇಸಿಗೆ ಮಳೆ ಬಿದ್ದ ಮೇಲೆ ಕೀ ಒಳಗೆ ಹೋಯಿತು, ತಿರುಗಲಿಲ್ಲ. ನಾನು ಅಡುಗೆ ಮನೆಯಿಂದ ಕೊಬ್ಬರಿ ಎಣ್ಣೆ ತಂದು ಬಿಟ್ಟೆ. ಅವತ್ತು ತಿರುಗಿತು. ಆದರೆ ಎಣ್ಣೆಗೆ ಧೂಳು ಅಂಟಿ ಒಂದೇ ತಿಂಗಳಲ್ಲಿ ಮೊದಲಿಗಿಂತ ಕೆಟ್ಟುಹೋಯಿತು. ಆಮೇಲೆ ಪೂರ್ತಿ ತೊಳೆದು, ಒಣಗಿಸಿ, ಗ್ರಾಫೈಟ್ ಪುಡಿ ಹಾಕಲು ಶುರು ಮಾಡಿದೆವು. ಎರಡು ತಿಂಗಳಿಗೊಮ್ಮೆ ಒಂದು ಚಿಟಿಕೆ. ಕೀ ತೂತಿಗೆ ರಬ್ಬರ್ ಮುಚ್ಚಳ ಇದ್ದರೆ ಅದನ್ನು ಜೋಪಾನ ಮಾಡಿ. ನಮ್ಮದು ಬಿಸಿಲಿಗೆ ಸೀಳಿದಾಗ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿಕೊಂಡೆವು. ಈಗಲೂ ಅದೇ ಇದೆ.

ಮೊದಲ ಆರು ತಿಂಗಳು ಟ್ರೈಲರ್ ಇದ್ದದ್ದು ಮನೆ ಹತ್ತಿರ ಅಲ್ಲ. ಹೆಸರಘಟ್ಟ ರಸ್ತೆ ಕಡೆ ಒಂದು ಯಾರ್ಡಿನಲ್ಲಿ ತಿಂಗಳಿಗೆ 2,500 ರೂಪಾಯಿ ಕೊಟ್ಟು ಬಿಟ್ಟಿದ್ದೆವು. ಗೇಟು, ಕ್ಯಾಮೆರಾ, ಕಾವಲುಗಾರ ಎಲ್ಲ ಇದೆ ಅಂದಿದ್ದರು. ಒಂದು ಶನಿವಾರ ಹೊರಡಲು ಹೋದರೆ ಒಳಗಿನ ಬ್ಯಾಟರಿ ಇಲ್ಲ, ಸ್ಟೆಪ್ನಿ ಇಲ್ಲ. ಕ್ಯಾಮೆರಾ ಕೇಳಿದರೆ ಹದಿನೈದು ದಿನದಿಂದ ರೆಕಾರ್ಡಿಂಗ್ ಆಗಿಲ್ಲ ಅಂದರು. ರಾತ್ರಿ ಕಾವಲಿಗೆ ಯಾರೂ ಇರುವುದೇ ಇಲ್ಲ ಅಂತ ಪಕ್ಕದ ಟೀ ಅಂಗಡಿಯವರಿಂದ ಗೊತ್ತಾಯಿತು. ನನಗೆ ಬ್ಯಾಟರಿ ಹೋದದ್ದಕ್ಕಿಂತ ಆ ಸುಳ್ಳೇ ಜಾಸ್ತಿ ನೋವು ಕೊಟ್ಟಿತು. ದುಡ್ಡು ಕೊಟ್ಟು ನಿಲ್ಲಿಸುವವರು ಒಂದು ಸಲ ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿ. ಹಗಲಲ್ಲಿ ಎಲ್ಲ ಯಾರ್ಡೂ ಚೆನ್ನಾಗಿಯೇ ಕಾಣುತ್ತದೆ.

ಆ ವಾರವೇ ಟ್ರೈಲರ್ ಮನೆ ಪಕ್ಕಕ್ಕೆ ಬಂತು, ಅದರ ಜೊತೆ ಇನ್ನೆರಡು ಸಾಮಾನೂ ಬಂತು: ಚಕ್ರದ ಕ್ಲಾಂಪ್ ಮತ್ತು ಜಿಪಿಎಸ್ ಟ್ರ್ಯಾಕರ್.

ಕ್ಲಾಂಪಿಗೆ 4,600 ಕೊಟ್ಟೆವು. ಟೈರನ್ನು ಎರಡೂ ಕಡೆಯಿಂದ ಹಿಡಿಯುವ ತೋಳು, ಮುಂದೆ ಚಕ್ರದ ನಟ್ಟುಗಳನ್ನು ಮುಚ್ಚುವ ತಟ್ಟೆ. ಈ ತಟ್ಟೆ ಮುಖ್ಯ. ತಟ್ಟೆ ಇಲ್ಲದ ಕ್ಲಾಂಪ್ ಹಾಕಿದರೆ ಕಳ್ಳ ಬೀಗ ಮುಟ್ಟುವ ಗೋಜಿಗೇ ಹೋಗಬೇಕಿಲ್ಲ. ಜಾಕ್ ಕೊಟ್ಟು, ನಟ್ಟು ಬಿಚ್ಚಿ, ಕ್ಲಾಂಪಿನ ಸಮೇತ ಚಕ್ರ ತೆಗೆದಿಟ್ಟು ಬೇರೆ ಚಕ್ರ ಹಾಕಿಕೊಂಡು ಹೋಗಬಹುದು. ಆ ಬೇರೆ ಚಕ್ರ ಎಲ್ಲಿಂದ ಬರುತ್ತದೆ? ನಿಮ್ಮದೇ ಸ್ಟೆಪ್ನಿ, ಟ್ರೈಲರ್ ಹಿಂದೆಯೇ ನೇತಾಡುತ್ತಿರುತ್ತದೆ. ಹೊಸ ಸ್ಟೆಪ್ನಿಯನ್ನು ನಾವು ಮನೆಯೊಳಗೆ ಇಡುತ್ತೇವೆ. ಬ್ಯಾಟರಿಯೂ ಅಷ್ಟೇ, ವಾಪಸ್ ಬಂದ ದಿನವೇ ಒಳಗೆ.

ಕೊಳ್ಳುವ ಮುಂಚೆ ಟೈರಿನ ಅಗಲ ಅಳೆಯಿರಿ. ಸಡಿಲವಾಗಿ ಕೂರುವ ಕ್ಲಾಂಪನ್ನು ಟೈರಿನ ಗಾಳಿ ಬಿಟ್ಟರೆ ಎಳೆದು ತೆಗೆಯಬಹುದು. ತೋಳು ರಿಮ್ಮಿನ ತೂತಿನೊಳಗೆ ಹಾದು ಹೋಗುವಂಥದ್ದಾದರೆ ಆ ಭಯ ಕಡಿಮೆ.

ಇನ್ನೊಂದು ಮಾತು. ಕ್ಲಾಂಪ್ ಹಾಕಿದ್ದು ಮರೆತು ಗಾಡಿ ಎಳೆದರೆ ರಿಮ್ಮು, ಮಡ್‌ಗಾರ್ಡು ಎರಡೂ ಹೋಗುತ್ತವೆ. ನಮ್ಮ ಯಜಮಾನರು ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಒಂದು ಅಡಿ ಎಳೆದಿದ್ದರು. ಅವತ್ತಿನಿಂದ ಕ್ಲಾಂಪಿನ ಕೀ ಗೊಂಚಲಿಗೆ ಒಂದು ಕೆಂಪು ರಿಬ್ಬನ್. ಕ್ಲಾಂಪ್ ಚಕ್ರದಲ್ಲಿದ್ದರೆ ಆ ರಿಬ್ಬನ್ ಕಾರಿನ ಸ್ಟೀರಿಂಗ್ ಮೇಲೆ ಇರಬೇಕು. ಅದು ನಮ್ಮ ಮಗಳ ಜವಾಬ್ದಾರಿ.

ಈಗ ಆ ರಾತ್ರಿಯ ವಿಷಯ. 2023ರ ಆಯುಧ ಪೂಜೆಗೆ ಟ್ರೈಲರ್ ತೊಳೆದು, ಚೆಂಡುಹೂವಿನ ಹಾರ ಹಾಕಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಮಾರನೇ ದಿನ ಊರಿಗೆ, ಮಳವಳ್ಳಿಗೆ ಹೋಗಿದ್ದೆವು. ಬೆಳಗ್ಗೆ ಐದೂವರೆಗೆ ಎದುರು ಮನೆಯ ಆಂಟಿ ಫೋನ್ ಮಾಡಿದರು. "ನಿಮ್ಮ ಗಾಡಿ ಅಡ್ಡ ತಿರುಗಿ ನಿಂತಿದೆ, ಬೇಗ ಬನ್ನಿ."

ಬಂದು ನೋಡಿದಾಗ ಕಪ್ಲರ್ ಬೀಗ ಹಾಗೇ ಇತ್ತು. ಅದರ ಪಕ್ಕದಲ್ಲಿ ಹಾರೆಯ ಗುರುತು, ಬಣ್ಣ ಕಿತ್ತು ಬೆಳ್ಳಗೆ ಕಾಣುವ ಎರಡು ಗೆರೆ. ಅದು ಬಗ್ಗದೇ ಇದ್ದಾಗ ಕಳ್ಳರು ಬೀಗವನ್ನು ಬಿಟ್ಟುಬಿಟ್ಟಿದ್ದಾರೆ. ಟ್ರೈಲರ್‌ನ ಮೂತಿಯಲ್ಲಿ ವಿ ಆಕಾರದ ಚೌಕಟ್ಟು ಇರುತ್ತದಲ್ಲ, ಅದಕ್ಕೆ ನೈಲಾನ್ ಹಗ್ಗ ಕಟ್ಟಿ ಗಾಡಿಯಲ್ಲಿ ಎಳೆದಿದ್ದಾರೆ. ಹಗ್ಗದ ತುಂಡು ಅಲ್ಲೇ ಬಿದ್ದಿತ್ತು. ಮುಂದಿನ ಸಣ್ಣ ಜಾಕಿ ಚಕ್ರ ಬಗ್ಗಿಹೋಗಿತ್ತು. ಕ್ಲಾಂಪ್ ಹಾಕಿದ್ದ ಎಡ ಚಕ್ರ ನಿಂತಲ್ಲೇ ನಿಂತು, ಬಲ ಚಕ್ರ ಅದರ ಸುತ್ತ ಗಾಣದ ಎತ್ತಿನ ಹಾಗೆ ಅರ್ಧ ಸುತ್ತು ಬಂದಿತ್ತು. ಕ್ಲಾಂಪಿನ ತೋಳು ನೆಲದಲ್ಲಿ ಗೇಣುದ್ದದ ಗುಂಡಿ ತೋಡಿತ್ತು. ಆ ಗುಂಡಿಯೊಳಗೆ ಚೆಂಡುಹೂವಿನ ದಳ ಮಣ್ಣಲ್ಲಿ ಕಲಸಿಹೋಗಿತ್ತು. ನಾನು ಅದನ್ನು ನೋಡುತ್ತಾ ಎಷ್ಟೋ ಹೊತ್ತು ಕೂತುಬಿಟ್ಟೆ.

ರಾತ್ರಿ ಎರಡರ ಸುಮಾರಿಗೆ ಏನೋ ಉಜ್ಜಿದ ಸದ್ದಿಗೆ ಎಚ್ಚರವಾಯಿತು, ಬಾಲ್ಕನಿ ದೀಪ ಹಾಕಿದೆ, ಗಾಡಿಯೊಂದು ಜೋರಾಗಿ ಹೋಯಿತು ಅಂತ ಆಂಟಿ ಹೇಳಿದರು. ಬೀಗ ಕೊಟ್ಟದ್ದು ಹೊತ್ತು, ಕ್ಲಾಂಪ್ ಕೊಟ್ಟದ್ದು ಸದ್ದು. ಉಳಿಸಿದ್ದು ಆಂಟಿಯ ದೀಪ. ಹಳ್ಳಿಯಲ್ಲಿ ಕಣ್ಣು ತಪ್ಪಿಸಿ ಓಡುವ ಹಸುವಿಗೆ ಮುಂಗಾಲಿಗೆ ಹಗ್ಗ ಕಟ್ಟುವುದನ್ನು ನೋಡಿದ್ದೇನೆ. ಬಾಯಿಗೆ ಕುಕ್ಕೆ ಕಟ್ಟಿದರೆ ಮೇಯುವುದು ನಿಲ್ಲುತ್ತದೆ, ಓಡುವುದು ನಿಲ್ಲಲ್ಲ. ಟ್ರೈಲರ್‌ಗೂ ಹಾಗೇನೇ. ಒಂದೇ ಒಂದು ಸಾಮಾನಿಗೆ ದುಡ್ಡಿದೆ ಅಂದರೆ ಕಪ್ಲರ್ ಬೀಗ ಆಮೇಲೆ ತನ್ನಿ, ಮೊದಲು ಕ್ಲಾಂಪ್ ತನ್ನಿ.

ಜಿಪಿಎಸ್ ಏನು ಮಾಡುತ್ತಿತ್ತು ಅಂತ ಕೇಳಬಹುದು. ಅದು ನಮಗೆ ಏನೂ ಹೇಳಲಿಲ್ಲ. ತಪ್ಪು ಯಂತ್ರದ್ದಲ್ಲ, ನಾವು ಇಟ್ಟ ಸೆಟ್ಟಿಂಗಿನದು. ಟ್ರ್ಯಾಕರ್‌ನಲ್ಲಿ ಗಾಡಿಯ ಸುತ್ತ ಒಂದು ಬೇಲಿ ಗುರುತು ಮಾಡಬಹುದು, ಗಾಡಿ ಅದನ್ನು ದಾಟಿದರೆ ಅಲಾರಂ ಬರುತ್ತದೆ. ಶುರುವಿನಲ್ಲಿ ಆ ಬೇಲಿಯ ಅಳತೆ 50 ಮೀಟರ್ ಇಟ್ಟಿದ್ದೆವು. ನಿಂತ ಗಾಡಿಯನ್ನೂ ಜಿಪಿಎಸ್ ಆಗಾಗ ಅಲ್ಲಿ ಇಲ್ಲಿ ತೋರಿಸುತ್ತದೆ, ಸುತ್ತ ಎತ್ತರದ ಕಟ್ಟಡ ಇದ್ದರೆ ಇನ್ನೂ ಜಾಸ್ತಿ. ರಾತ್ರಿ ಮೂರು ಸಲ ಸುಳ್ಳು ಅಲಾರಂ. ಬೇಸತ್ತು 150 ಮೀಟರ್ ಮಾಡಿದೆವು. ಬೀದಿ ನಾಯಿ ಬಂದು ಮೈ ಉಜ್ಜಿದರೂ ಅಲುಗಾಟದ ಅಲಾರಂ ಬರುತ್ತಿತ್ತು, ಅದನ್ನೂ ಆಫ್ ಮಾಡಿದ್ದೆವು. ಕಳ್ಳರು ಎಳೆದದ್ದು ಕೆಲವೇ ಅಡಿ. ಬೇಲಿ ದಾಟಲಿಲ್ಲ, ಅಲಾರಂ ಬರಲಿಲ್ಲ. ಈಗ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ಮಾತ್ರ ಅಲುಗಾಟದ ಅಲಾರಂ ಆನ್, ಅದೂ ಜೋರಾಗಿ ಅಲುಗಿದರೆ ಮಾತ್ರ. ನಾಯಿಗಳ ಕಾಟ ಬಹುಪಾಲು ತಪ್ಪಿದೆ.

ಟ್ರ್ಯಾಕರ್‌ಗೆ 3,200 ರೂಪಾಯಿ, ವರ್ಷಕ್ಕೆ ಸಿಮ್ ಸಮೇತ 1,400. ಮೊದಲು ಅದನ್ನು ಮಂಚದ ಕೆಳಗೆ ಇಟ್ಟಿದ್ದೆವು, ಸಿಗ್ನಲ್ಲೇ ಇಲ್ಲ. ಸುತ್ತ ಅಲ್ಯೂಮಿನಿಯಂ ತಗಡು, ಹೇಗೆ ಸಿಗುತ್ತದೆ? ಫೈಬರ್ ಚಾವಣಿಯ ಕೆಳಗೆ ಇಟ್ಟ ಮೇಲೆ ಸರಿಹೋಯಿತು. ದೊಡ್ಡ ಬ್ಯಾಟರಿ ಮನೆಗೆ ಬಂದರೆ ಟ್ರ್ಯಾಕರ್ ತನ್ನ ಒಳಗಿನ ಬ್ಯಾಟರಿಯಲ್ಲಿ ನಮಗೆ ನಾಲ್ಕೈದು ದಿನ ನಡೆಯುತ್ತದೆ. ಹಾಗಾಗಿ 20 ವ್ಯಾಟ್‌ನ ಸೋಲಾರ್ ಹಲಗೆ, ಒಂದು ಹಳೆ ಸ್ಕೂಟರ್ ಬ್ಯಾಟರಿ ಅದಕ್ಕೆಂದೇ ಇಟ್ಟಿದ್ದೇವೆ. ಬ್ಲೂಟೂತ್ ಟ್ಯಾಗ್ ಒಂದನ್ನೂ ದಿಂಬಿನೊಳಗೆ ಹೊಲಿದಿಟ್ಟಿದ್ದೇನೆ. ಅದರ ಮೇಲೆ ನನಗೆ ಭರವಸೆ ಕಡಿಮೆ. ಪಕ್ಕದಲ್ಲಿ ಬೇರೆಯವರ ಫೋನ್ ಹಾದುಹೋದರೆ ಮಾತ್ರ ಜಾಗ ಗೊತ್ತಾಗುತ್ತದೆ. ಜೊತೆಗೆ ಅಪರಿಚಿತ ಟ್ಯಾಗ್ ನಿಮ್ಮ ಜೊತೆ ಚಲಿಸುತ್ತಿದೆ ಅಂತ ಕಳ್ಳನ ಫೋನಿಗೂ ಸುದ್ದಿ ಹೋಗುತ್ತದೆ.

ಆ ಘಟನೆ ಆದ ಮೇಲೆ ಸೈಟಿನವರನ್ನು ಕೇಳಿ ನೆಲಕ್ಕೆ ಒಂದು ಕೊಂಡಿ ಹಾಕಿಸಿದೆವು. ಎರಡು ಅಡಿ ಗುಂಡಿ, 20 ಎಂಎಂ ಕಂಬಿಯನ್ನು ಯು ಥರ ಬಗ್ಗಿಸಿ, ಕೆಳಗಿನ ತುದಿ ಎರಡೂ ಅಗಲಿಸಿ, ಕಾಂಕ್ರೀಟ್ ತುಂಬಿ ಒಂದು ವಾರ ನೀರು ಹಾಕಿದೆವು. ಟ್ರೈಲರ್ ಅನ್ನು ಆ ಕೊಂಡಿಗೆ ಕಟ್ಟುವ ಚೈನು ಮಾತ್ರ ತೂಕದ ಲೆಕ್ಕದಲ್ಲಿ ಮಾರುವ ಮಾಮೂಲಿ ಕಬ್ಬಿಣದ್ದು ಬೇಡ. ತಮ್ಮನ ಅಂಗಡಿಯಲ್ಲಿ ಮಾಮೂಲಿ ಚೈನು, ಗಡಸು ಚೈನು ಎರಡಕ್ಕೂ ಆಕ್ಸಾ ಬ್ಲೇಡ್ ಹಾಕಿ ನೋಡಿದೆವು. ಮಾಮೂಲಿ ಚೈನು ಸೌತೆಕಾಯಿ ಕೊಯ್ದ ಹಾಗೆ ತುಂಡಾಯಿತು. ಗಡಸು ಮಾಡಿದ 10 ಎಂಎಂ ಚೈನಿನ ಮೇಲೆ ಬ್ಲೇಡು ಜಾರುತ್ತಲೇ ಇತ್ತು, ಕೊನೆಗೆ ಬ್ಲೇಡಿನ ಹಲ್ಲೇ ಹೋಯಿತು. ಚೈನನ್ನು ಚಾಸಿಗೆ ಸುತ್ತಿ, ಬಿಗಿಯಾಗಿ, ನೆಲಕ್ಕೆ ತಾಗದ ಹಾಗೆ ಕಟ್ಟಿ. ನೆಲದ ಮೇಲೆ ಬಿದ್ದ ಚೈನಿಗೆ ಬೋಲ್ಟ್ ಕಟರ್‌ನ ಒಂದು ಹಿಡಿ ನೆಲಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೈ ಭಾರ ಬಿಟ್ಟು ಕತ್ತರಿಸುತ್ತಾರೆ. ಲೋಹ ಕೊಯ್ಯುವ ಬ್ಯಾಟರಿ ಗ್ರೈಂಡರ್ ತಂದರೆ ಇದೆಲ್ಲವೂ ಕೆಲವೇ ನಿಮಿಷದ ಮಾತು, ಅದು ನನಗೆ ಗೊತ್ತು. ಆದರೆ ಗ್ರೈಂಡರ್‌ನ ಕಿರುಚಾಟಕ್ಕೆ ನಮ್ಮ ರಸ್ತೆಯಲ್ಲಿ ಯಾರೂ ಮಲಗಿರಲ್ಲ.

ಈಗ ಟ್ರೈಲರ್‌ನ ಮೂತಿ ಕಾಂಪೌಂಡ್ ಗೋಡೆ ಕಡೆಗೆ ನಿಲ್ಲಿಸುತ್ತೇವೆ. ಒಳಗೆ ತಳ್ಳಿ ನಿಲ್ಲಿಸಲು ಮೂರು ಜನ ಬೇಕು, ಕಷ್ಟವೇ. ಆದರೆ ಹಗ್ಗ ಕಟ್ಟಲೂ ಜಾಗವಿಲ್ಲ.

ಕಾಗದ ಪತ್ರದ ಬಗ್ಗೆ ಸ್ವಲ್ಪ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಕಳವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ನಮ್ಮದು ಮೊದಲು ಅದೇ ಇತ್ತು, ಆ ವಾರವೇ ಬದಲಾಯಿಸಿದೆವು. ಚಾಸಿ ನಂಬರಿನ ಫೋಟೋ, ಆರ್‌ಸಿ, ಬಿಲ್ಲುಗಳು ಫೋನಿನಲ್ಲಿ ಇರಲಿ. ಅವತ್ತು 112ಕ್ಕೆ ಕರೆ ಮಾಡಿದಾಗ ಪೊಲೀಸರು ಮೊದಲು ಕೇಳಿದ್ದೇ ನಂಬರು.

ಕ್ಲಾಂಪಿನ ತೋಳು ಅವತ್ತು ಸ್ವಲ್ಪ ಬಾಗಿತ್ತು. ಕಾಯಿಸಿ ನೆಟ್ಟಗೆ ಮಾಡಿಕೊಡು ಅಂತ ತಮ್ಮನ ಹತ್ತಿರ ತೆಗೆದುಕೊಂಡು ಹೋದೆ. ಕಾಯಿಸಿದರೆ ಗಡಸು ಹೋಗುತ್ತದೆ, ಬೇಡ ಅಂದ. ಬಿಡಿ ತೋಳು ಎಲ್ಲೂ ಸಿಗಲಿಲ್ಲ. ಹಾಗಾಗಿ ಅದೇ ಮಾದರಿಯ ಹೊಸ ಕ್ಲಾಂಪ್ ಇನ್ನೊಂದು ತಂದೆವು. ಹೊಸದು ಎಡ ಚಕ್ರಕ್ಕೆ. ಬಾಗಿದ್ದು ಈಗಲೂ ಬೀಗ ಬೀಳುತ್ತದೆ, ಅದು ಬಲ ಚಕ್ರದಲ್ಲಿದೆ. ಮಗಳ ಕೀ ಗೊಂಚಲಿನಲ್ಲಿ ಈಗ ಎರಡು ರಿಬ್ಬನ್.