ಹಳೆಯ ಬಟ್ಟೆಯ ಮೇಲೆ ಎಲೆ ಮೂಡಿಸುವ ಮೂರು ವಿಧಾನಗಳು: ಒಂದು ಹೋಲಿಕೆ

ಬಳಸಿ ಬಿಟ್ಟ ಬಟ್ಟೆ ಮತ್ತು ಆಯ್ದು ತಂದ ಎಲೆಗಳಿಂದ ಗೋಡೆಗೆ ತೂಗುಹಾಕುವ ಕಲಾಕೃತಿ ಮಾಡಹೊರಟವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಒಣಗಿದ ಎಲೆಯನ್ನೇ ಬಟ್ಟೆಗೆ ಹೊಲಿಯುವುದು, ಎಲೆಯ ಅಚ್ಚನ್ನು ಹಬೆಯಲ್ಲಿ ಬಟ್ಟೆಗೆ ಇಳಿಸುವುದು, ಚಿಂದಿಗಳನ್ನು ಎಲೆಯಾಕಾರಕ್ಕೆ ಕತ್ತರಿಸಿ ಹೊಲಿದು ಕೂರಿಸುವುದು. ಮೂರನ್ನೂ ಹಳೆಯ ಹತ್ತಿ ಬೆಡ್‌ಶೀಟಿನ ತುಂಡುಗಳ ಮೇಲೆ ಮಾಡಿ, ಒಂದೇ ಗೋಡೆಯಲ್ಲಿ ತೂಗುಬಿಟ್ಟು ನೋಡಿದ್ದೇನೆ.

ನಿಜವಾದ ಎಲೆಯನ್ನೇ ಹೊಲಿಯುವ ವಿಧಾನ ನೋಡುವುದಕ್ಕೆ ಸುಲಭ, ಬಾಳಿಕೆಯಲ್ಲಿ ಎಲ್ಲಕ್ಕಿಂತ ಹಿಂದೆ. ಒಣ ಎಲೆಯಲ್ಲಿ ಸಾಲಾಗಿ ಬಿದ್ದ ಸೂಜಿತೂತುಗಳು ಅಂಚೆಚೀಟಿಯ ಹಾಳೆಯಲ್ಲಿರುವಂತೆ ಹರಿಯುವ ಗೆರೆಯಾಗಿಬಿಡುತ್ತವೆ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಕೆಲವು ದಿನ ನೆನೆಸಿದರೆ ಎಲೆ ಮೆತ್ತಗಾಗುತ್ತದೆ, ಆದರೆ ಬಣ್ಣ ಕಂದಿಗೆ ತಿರುಗುತ್ತದೆ. ಎಲೆಯ ಮೇಲೆ ತೆಳುವಾದ ಪಾರದರ್ಶಕ ಬಟ್ಟೆ ಹೊದಿಸಿ ಅದರ ಸುತ್ತಲೂ ಹೊಲಿದರೆ ಸ್ವಲ್ಪ ಹೆಚ್ಚು ಕಾಲ ಉಳಿಯುತ್ತದೆ. ಕಡ್ಡಿ, ತೊಗಟೆ, ಬೀಜಕೋಶಗಳ ಮಾತು ಬೇರೆ. ಅವುಗಳನ್ನು ಚುಚ್ಚುವ ಅಗತ್ಯವಿಲ್ಲ, ಮೇಲಿನಿಂದ ದಾರ ಹಾಯಿಸಿ ಬಿಗಿದರೆ ಸಾಕು.

ಹಬೆಯ ಅಚ್ಚಿನಲ್ಲಿ ಹಳೆಯ ಬಟ್ಟೆ ಹೊಸದಕ್ಕಿಂತ ಮೇಲು, ಏಕೆಂದರೆ ಹಲವು ಬಾರಿ ಒಗೆದಿರುವುದರಿಂದ ಅದರಲ್ಲಿ ಗಂಜಿಯ ಲೇಪ ಉಳಿದಿರುವುದಿಲ್ಲ. ಆದರೆ ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಸಸ್ಯದ ಬಣ್ಣ ಸರಿಯಾಗಿ ಕಚ್ಚುವುದಿಲ್ಲ. ಅನುಮಾನವಿದ್ದರೆ ಒಂದು ಎಳೆಯನ್ನು ಕಿತ್ತು ಸುಟ್ಟು ನೋಡಬೇಕು: ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಬಣ್ಣವನ್ನು ಸುಲಭವಾಗಿ ಹಿಡಿಯುತ್ತವೆ. ನೀಲಗಿರಿ ಎಲೆಯಂತೂ ಅವುಗಳ ಮೇಲೆ ಬೇರೇನೂ ಹಾಕದೆಯೇ ಕಿತ್ತಳೆ ಬಣ್ಣ ಬಿಡಬಲ್ಲದು. ಹತ್ತಿಗೆ ಆ ಗುಣವಿಲ್ಲದ್ದರಿಂದ ಮೊದಲು ಅಳಲೆಕಾಯಿಯಂತಹ ಒಗರು ಪದಾರ್ಥದ ನೀರಿನಲ್ಲೂ ಆಮೇಲೆ 100 ಗ್ರಾಂ ಒಣಬಟ್ಟೆಗೆ ಸುಮಾರು 15 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲೂ ನೆನೆಸುತ್ತೇನೆ. ಕಪ್ಪು ಗೆರೆಗಳು ಬೇಕಾದಾಗ ಎಲೆಗಳನ್ನು ಅನ್ನಭೇದಿ ಎಂಬ ಕಬ್ಬಿಣದ ಲವಣದ ತಿಳಿಯಾದ ದ್ರಾವಣದಲ್ಲಿ ಅದ್ದುತ್ತೇನೆ. 100 ಗ್ರಾಂ ಬಟ್ಟೆಗೆ 2 ಗ್ರಾಂ ಅನ್ನಭೇದಿ ಸಾಕು, ಕಬ್ಬಿಣದಂಶ ಹೆಚ್ಚಾದರೆ ಕಾಲಕ್ರಮೇಣ ನೂಲೇ ಶಕ್ತಿಗುಂದುತ್ತದೆ. ತುಕ್ಕುಹಿಡಿದ ಮೊಳೆ ಮತ್ತು ವಿನೆಗರ್‌ನಿಂದ ಬಟ್ಟೆಗೆ ಕಲೆ ಹಚ್ಚುವ ವಿಧಾನವನ್ನು ನಾನು ಶಿಫಾರಸು ಮಾಡದಿರುವುದಕ್ಕೂ ಇದೇ ಕಾರಣ.

ಎಲೆಯ ಬೆನ್ನು ಬಟ್ಟೆಗೆ ತಾಗುವಂತೆ ಹಾಸಿ, ಕೊಳವೆಯೊಂದಕ್ಕೆ ಬಿಗಿಯಾಗಿ ಸುತ್ತಿ, ಚಿಂದಿಪಟ್ಟಿಗಳಿಂದ ಕಟ್ಟಿ, ಒಂದೂವರೆಯಿಂದ ಎರಡು ಗಂಟೆ ಹಬೆಯಲ್ಲಿಟ್ಟು, ಪೂರ್ತಿ ಆರಿದ ಮೇಲೆ ಬಿಚ್ಚಬೇಕು. ಇದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು, ವಿಷದ ಎಲೆಗಳನ್ನು ಬೇಯಿಸಬಾರದು. ಎಲೆಯ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣದೊಂದಿಗೆ ಕೂಡಿದ ಕಡೆ ಅಂಚು ಶಾಯಿಯಿಂದ ಬರೆದಂತೆ ಕಪ್ಪಾಗಿ, ನರಗಳು ತಿಳಿಯಾಗಿ ಉಳಿದು, ಹುಳು ತಿಂದ ತೂತು ಕೂಡ ತೂತಾಗಿಯೇ ಮೂಡುತ್ತದೆ. ಇಷ್ಟು ನಿಖರವಾಗಿ ಯಾವ ಸೂಜಿಯೂ ಎಲೆಯನ್ನು ಬರೆಯಲಾರದು. ಆದರೆ ಕಟ್ಟು ಸಡಿಲವಾದ ಕಡೆ ಅಚ್ಚು ಹರಡಿ ಮಸುಕಾಗುತ್ತದೆ, ಒಮ್ಮೆ ಬಂದದ್ದು ಇನ್ನೊಮ್ಮೆ ಹಾಗೆಯೇ ಬರುವುದಿಲ್ಲ. ಹಸಿ ಎಲೆಯನ್ನು ಸುತ್ತಿಗೆಯಿಂದ ಜಜ್ಜಿ ತೆಗೆಯುವ ಅಚ್ಚು ಇದಕ್ಕಿಂತ ಬೇಗ ಆಗುತ್ತದಾದರೂ ಅದರ ಹಸಿರು ಬೆಳಕಿಗೆ ನಿಲ್ಲದು.

ಚಿಂದಿಯ ಎಲೆಗೆ ಸಮಯ ಹೆಚ್ಚು ಬೇಕು, ಆದರೆ ಹಿಡಿತ ಪೂರ್ತಿ ನಮ್ಮದು. ಹತ್ತಿಯನ್ನು ಹಾಸು ಹೊಕ್ಕುಗಳಿಗೆ ಓರೆಯಾಗಿ ಕತ್ತರಿಸಿದರೆ ಅಂಚಿನ ಎಳೆಗಳು ಅಷ್ಟಾಗಿ ಬಿಚ್ಚಿಕೊಳ್ಳುವುದಿಲ್ಲ. ಅಪ್ಪಟ ಉಣ್ಣೆಯ ಹಳೆಯ ಸ್ವೆಟರನ್ನು ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಅದು ಕುಗ್ಗಿ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ದಪ್ಪನೆಯ ನಮದೆಯಾಗುತ್ತದೆ (ಫೆಲ್ಟ್). ಅದನ್ನು ಹೇಗೆ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ಕುಗ್ಗದಂತೆ ಸಂಸ್ಕರಿಸಿದ ಉಣ್ಣೆ ಮಾತ್ರ ಹೀಗಾಗದು. ಎಲೆಯ ನಡುನರದ ಗುಂಟ ರನ್ನಿಂಗ್ ಸ್ಟಿಚ್ ಹಾಕಿ ದಾರವನ್ನು ತುಸು ಜಗ್ಗಿದಾಗ ಬಟ್ಟೆ ಸುಕ್ಕುಗಟ್ಟಿ, ಒಣಗುತ್ತಿರುವ ಎಲೆಯ ಮುರುಟು ತಾನಾಗಿ ಬರುತ್ತದೆ. ಬೇರೆ ಎರಡು ವಿಧಾನಗಳಲ್ಲಿ ಈ ಉಬ್ಬುತಗ್ಗು ಸಿಗುವುದಿಲ್ಲ. ತೊಂದರೆಯಿರುವುದು ಬಣ್ಣದಲ್ಲಿ: ಚಿಂದಿಯ ಗಂಟಿನಲ್ಲಿ ಕಡುನೀಲಿ ಮತ್ತು ಕಪ್ಪು ಧಾರಾಳ, ಎಲೆಯ ಬಣ್ಣ ಅಪರೂಪ. ಗಾಢಬಣ್ಣದ ಮುದ್ರಿತ ಬಟ್ಟೆಯನ್ನು ತಿರುಗಿಸಿ ಬೆನ್ನಿನ ಮಾಸಲು ಬದಿಯನ್ನು ಮೇಲೆ ಮಾಡಿದರೆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಬಿಸಿಲು ಬೀಳುವ ಗೋಡೆಗೆ ನಾನು ಚಿಂದಿಯ ಎಲೆಯನ್ನೇ ಆರಿಸುತ್ತೇನೆ. ನೆರಳಿನ ಜಾಗವಿದ್ದರೆ ಹಬೆಯ ಅಚ್ಚು ಹಿನ್ನೆಲೆಯಾಗಿ, ಅದರ ಮೇಲೆ ನಾಲ್ಕಾರು ಚಿಂದಿಯ ಎಲೆಗಳು, ಬೇಕಿದ್ದರೆ ಒಂದೆರಡು ಕಡ್ಡಿಗಳು. ಹಾಗೆ ಕೂಡಿಸುವಾಗ ಅಚ್ಚಿನ ಬಟ್ಟೆಯನ್ನು ಮೊದಲೇ ತೆಳುವಾದ ಸಾಬೂನುನೀರಿನಲ್ಲಿ ತೊಳೆದು, ಒಣಗಿಸಿ, ಇಸ್ತ್ರಿ ಮಾಡಿಟ್ಟುಕೊಳ್ಳಬೇಕು. ಹೊಲಿದ ಮೇಲೆ ತೊಳೆದರೆ ಉಳಿದ ಕಬ್ಬಿಣದ ನೀರು ಮೇಲಿನ ಚಿಂದಿಗಳಿಗೂ ಬಿಳಿ ಹತ್ತಿದಾರಕ್ಕೂ ಹರಡಿ ಬೂದುಕಲೆ ಮಾಡುತ್ತದೆ.