ರೂಗರ್ ಎಲ್‌ಸಿಪಿ: ಐದು ವರ್ಷದ ಬಳಕೆಯ ನಂತರ, ಗುರಿಯ ಲೆಕ್ಕ

ಜೇಬು ಪಿಸ್ತೂಲಿನಲ್ಲಿ ಗುರಿ ಕೂರುವುದಿಲ್ಲ, ಮೂರು ಗಜ ದಾಟಿದರೆ ಅದು ಬರೀ ಸದ್ದು ಎನ್ನುವ ಮಾತು ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ಸಾಮಾನ್ಯ. ರೂಗರ್ ಕಂಪನಿಯ ಜೇಬು ಪಿಸ್ತೂಲು ಎಲ್‌ಸಿಪಿಯ ಮೊದಲ ತಲೆಮಾರಿನ ಮಾದರಿಯನ್ನು ಐದು ವರ್ಷ ಬಳಸಿದ ಮೇಲೆ ಹೇಳಬಹುದಾದದ್ದು ಇಷ್ಟು: ಆ ಮಾತು ತಪ್ಪು. ನಿಮ್ಮ ಪಿಸ್ತೂಲಿನ ಮೇಲೆ ಅನುಮಾನವಿದ್ದರೆ ಮರಳು ಚೀಲದ ಮೇಲೆ ಕೈ ಊರಿ, 7 ಗಜದಿಂದ ನಿಧಾನವಾಗಿ ಐದು ಗುಂಡು ಹೊಡೆಯಿರಿ. ತೂತುಗಳು ಒತ್ತಾಗಿ ಬಿದ್ದು, ನಿಂತು ಹೊಡೆದಾಗ ಮಾತ್ರ ಹಾಳೆಯ ತುಂಬ ಚೆದುರಿದರೆ ತಪ್ಪಿರುವುದು ನಳಿಗೆಯಲ್ಲಲ್ಲ, ಕೈಯಲ್ಲಿ.

ಈ ಪಿಸ್ತೂಲು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಪಾಯಿಂಟ್ 380 ಎಸಿಪಿ ಗುಂಡು, ಮ್ಯಾಗಜೀನಿನಲ್ಲಿ (ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿ) 6, ನಳಿಗೆಯಲ್ಲಿ 1. ನಳಿಗೆ 2.75 ಇಂಚು, ದಪ್ಪ 0.82 ಇಂಚು, ಖಾಲಿ ತೂಕ 270 ಗ್ರಾಂ ಆಸುಪಾಸು. ಜೇಬಿನಲ್ಲಿ ಇದೆಯೆನ್ನುವುದೇ ಮರೆತುಹೋಗುವಷ್ಟು ಹಗುರ. ಆದರೆ ಒದೆತವನ್ನು ತಡೆಯಲು ತೂಕವಿಲ್ಲ, ಹಿಡಿಯಲು ಜಾಗವಿಲ್ಲ, ಸೈಟ್‌ಗಳ (ಗುರಿ ಹಿಡಿಯಲು ಮೇಲೆ ಮುಂದೊಂದು, ಹಿಂದೊಂದು ಇರುವ ಗುರುತುಗಳ) ನಡುವೆ ಸಾಕಷ್ಟು ಅಂತರವಿಲ್ಲ.

ಸೈಟ್‌ಗಳ ಅಂತರದಿಂದಲೇ ಶುರು ಮಾಡೋಣ. ಮುಂದಿನ ಸೈಟ್‌ಗೂ ಹಿಂದಿನದಕ್ಕೂ ನಡುವೆ ಹೆಚ್ಚೂಕಡಿಮೆ 4 ಇಂಚು, ಅಂದರೆ 100 ಮಿಲಿಮೀಟರ್. 7 ಗಜ ಎಂದರೆ 6.4 ಮೀಟರ್. ಮುಂದಿನ ಸೈಟ್ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು 64 ಮಿಲಿಮೀಟರ್ ಆಚೆ ಬೀಳುತ್ತದೆ. ದೊಡ್ಡ ಪಿಸ್ತೂಲಾದ ಗ್ಲಾಕ್ 17ರಲ್ಲಿ ಸೈಟ್ ಅಂತರ 165 ಮಿಲಿಮೀಟರ್; ಅಲ್ಲಿ ಅದೇ ತಪ್ಪಿಗೆ ಬೀಳುವ ದಂಡ 39 ಮಿಲಿಮೀಟರ್ ಮಾತ್ರ. ಇಡೀ ಪಿಸ್ತೂಲು ಓರೆಯಾಗದೆ ಒಂದು ಸೆಂಟಿಮೀಟರ್ ಅತ್ತಿತ್ತ ಆಡಿದರೆ ಗುಂಡೂ ಒಂದೇ ಸೆಂಟಿಮೀಟರ್ ಸರಿಯುತ್ತದೆ. ಹಾಗಾಗಿ ಕೈ ನಡುಗುವುದಕ್ಕೆ ಹೆದರಬೇಕಿಲ್ಲ, ಸೈಟ್ ಓರೆಯಾಗುವುದಕ್ಕೆ ಹೆದರಬೇಕು. ಕಣ್ಣು ಮುಂದಿನ ಸೈಟ್ ಮೇಲೇ ಇರಲಿ, ಗುರಿಹಾಳೆ ಮಸುಕಾಗಿ ಕಂಡರೆ ಅಡ್ಡಿಯಿಲ್ಲ. ಹಳೆಯ ಮಾದರಿಯ ಸೈಟ್ ಸ್ಲೈಡಿನಲ್ಲೇ (ಗುಂಡು ಹೊಡೆದಾಗ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಕೊರೆದ ಪುಟ್ಟ ಉಬ್ಬು, ಹೊಂದಿಸಲು ಬರುವುದಿಲ್ಲ. ಅದರ ಮೇಲೆ ಬಿಳಿ ಉಗುರುಬಣ್ಣ, ಒಣಗಿದ ಮೇಲೆ ಕಿತ್ತಳೆ ಬಣ್ಣ ಹಚ್ಚಿದರೆ ಕಣ್ಣಿಗೆ ತಕ್ಷಣ ಸಿಗುತ್ತದೆ. ಹಚ್ಚುವ ಮುಂಚೆ ಎಣ್ಣೆಯ ಪಸೆ ಇರದಂತೆ ಸ್ಪಿರಿಟ್‌ನಿಂದ ಒರೆಸಿ, ಇಲ್ಲದಿದ್ದರೆ ವಾರದಲ್ಲೇ ಎದ್ದುಬರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಟ್ರಿಗರ್. ಎಳೆತ ಉದ್ದ, ಬಿಟ್ಟಾಗ ಮುಂದಿನ ಗುಂಡಿಗೆ ಮತ್ತೆ ಕಚ್ಚಿಕೊಳ್ಳುವುದು ತುಂಬ ಮುಂದೆ. ಬೆರಳ ತುದಿಯ ಮೆತ್ತೆಯಿಂದ ಎಳೆಯಬೇಕೆಂಬ ಪಾಠ ದೊಡ್ಡ ಪಿಸ್ತೂಲಿಗೆ ಸರಿ. ಇಲ್ಲಿ ಮೊದಲ ಗೆಣ್ಣಿನ ಗೆರೆ ಟ್ರಿಗರ್ ಮೇಲೆ ಕೂತರೆ ಬಲ ನೇರ ಹಿಂದಕ್ಕೆ ಬರುತ್ತದೆ. ಅರ್ಧ ಎಳೆದು ನಿಲ್ಲಿಸಿ, ಸೈಟ್ ಸರಿಮಾಡಿಕೊಂಡು ಉಳಿದರ್ಧ ಕಿತ್ತೆಳೆಯುವುದು ಕೆಟ್ಟ ಅಭ್ಯಾಸ. ಒಂದೇ ವೇಗದಲ್ಲಿ ಕೊನೆಯವರೆಗೆ ಎಳೆಯಿರಿ. ಬಲಗೈಯವರ ಗುಂಡುಗಳು ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ಟ್ರಿಗರ್ ಬೆರಳಿನ ಜೊತೆ ಉಳಿದ ಬೆರಳುಗಳೂ ಹಸುವಿನ ಕೆಚ್ಚಲು ಹಿಂಡುವಂತೆ ಬಿಗಿಯುತ್ತಿವೆ ಎಂದರ್ಥ. ಎಳೆಯುವ ಮುಂಚೆಯೇ ಆ ಬೆರಳುಗಳನ್ನು ಪೂರ್ತಿ ಬಿಗಿಮಾಡಿಕೊಂಡರೆ ಆಮೇಲೆ ಬಿಗಿಯಲು ಏನೂ ಉಳಿಯುವುದಿಲ್ಲ.

ಹಿಡಿಕೆಯಲ್ಲಿ ಎರಡೇ ಬೆರಳಿಗೆ ಜಾಗ. ಕಿರುಬೆರಳನ್ನು ಮ್ಯಾಗಜೀನಿನ ಕೆಳಗೆ ಮಡಚಿಡಿ, ಅಥವಾ ಬೆರಳು ಚಾಚುವ ತಳಪಟ್ಟಿ ಹಾಕಿಸಿ. ಉದ್ದ ಸ್ವಲ್ಪ ಹೆಚ್ಚಿದರೂ ಹಿಡಿತದ ಮಟ್ಟಿಗೆ ಇಷ್ಟು ಅಗ್ಗದ ಸುಧಾರಣೆ ಬೇರೆಯಿಲ್ಲ. ದೊಡ್ಡ ಕೈಯವರಿಗೆ ಇನ್ನೊಂದು ಪೇಚು: ಎಳೆತ ಮುಗಿಯುವ ಮೊದಲೇ ಟ್ರಿಗರ್ ಬೆರಳ ತುದಿ ಆಸರೆ ಕೈಯ ಹೆಬ್ಬೆರಳಿಗೆ ತಾಗಿ ಪಿಸ್ತೂಲು ತಿರುಗುತ್ತದೆ. ಆ ಹೆಬ್ಬೆರಳನ್ನು ಹಿಡಿದ ಕೈಯ ಹೆಬ್ಬೆರಳ ಮೇಲೆ ಏರಿಸಿ ಒತ್ತಿಕೊಳ್ಳಿ. ಸ್ಲೈಡಿನ ಹಿಂದೆ ಮಾತ್ರ ಹೆಬ್ಬೆರಳು ಅಡ್ಡ ಹೋಗಕೂಡದು, ಸ್ಲೈಡ್ ಹಿಂದಕ್ಕೆ ಬರುವಾಗ ಸೀಳುತ್ತದೆ. ಆಸರೆ ಕೈಯ ತೋರುಬೆರಳನ್ನು ಟ್ರಿಗರ್ ಕಾವಲಿನ ಮುಂಭಾಗಕ್ಕೆ ಚಾಚುವುದೂ ಬೇಡ. ಇಷ್ಟು ಮೋಟು ನಳಿಗೆಯಲ್ಲಿ ಬೆರಳು ಜಾರಿದರೆ ಬಾಯಿಯ ಮುಂದೆಯೇ ಬರುತ್ತದೆ.

ಮಣಿಕಟ್ಟು ಸಡಿಲವಾದರೆ ಸ್ಲೈಡಿಗೆ ಪೂರ್ತಿ ಹಿಂದೆ ಹೋಗಲು ಬಲ ಸಾಲುವುದಿಲ್ಲ. ಖಾಲಿ ತೋಟಾ ಹೊಗೆಕೊಳವೆಯಂತೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಜನ ಪಿಸ್ತೂಲನ್ನು ಬೈಯುತ್ತಾರೆ, ಬಿಗಿಯಾಗಬೇಕಾದದ್ದು ಮಣಿಕಟ್ಟು.

ಒಣ ಅಭ್ಯಾಸಕ್ಕೆ, ಅಂದರೆ ಗುಂಡು ಹೊಡೆಯದೆ ಟ್ರಿಗರ್ ಎಳೆದು ಕಲಿಯುವುದಕ್ಕೆ, ಪಿಸ್ತೂಲು ಖಾಲಿಯೆಂದು ಎರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ನಳಿಗೆಯಲ್ಲಿ ಡಮ್ಮಿ (ಮದ್ದಿಲ್ಲದ ನಕಲಿ ಗುಂಡು) ಹಾಕಿಕೊಳ್ಳಿ. ಪ್ರತಿ ಎಳೆತದ ನಂತರ ಸ್ಲೈಡನ್ನು ಸ್ವಲ್ಪ ಹಿಂದಕ್ಕೆಳೆದು ಬಿಡಬೇಕು, ಏಕೆಂದರೆ ಇದರ ಸುತ್ತಿಗೆಯನ್ನು ಅರ್ಧ ಏರಿಸಿಡುವುದು ಸ್ಲೈಡೇ. ಅದೇ ಕಾರಣಕ್ಕೆ ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದು ಪ್ರಯೋಜನವಿಲ್ಲ. ರೇಂಜಿನಲ್ಲಿ ಹಾಗಾದರೆ 30 ಸೆಕೆಂಡು ಗುರಿಯತ್ತಲೇ ಹಿಡಿದಿದ್ದು, ಆಮೇಲೆ ಸ್ಲೈಡ್ ಎಳೆದು ಹೊರಹಾಕಿ.

ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲುವುದಿಲ್ಲ. ಹಲವರು ಇದನ್ನು ಕೊರತೆ ಎನ್ನುತ್ತಾರೆ, ಕಲಿಯುವವರಿಗೆ ಇದೇ ವರ. ಎಣಿಕೆ ತಪ್ಪಿ ಖಾಲಿ ನಳಿಗೆಯ ಮೇಲೆ ಟ್ರಿಗರ್ ಎಳೆದಾಗ ಪಿಸ್ತೂಲಿನ ಮೂತಿ ಕೆಳಗೆ ಕುಕ್ಕಿದರೆ, ಒದೆತಕ್ಕೆ ಹೆದರಿ ಕೈ ಮೊದಲೇ ಅದುಮುತ್ತಿದೆ ಎಂದು ಗೊತ್ತಾಗುತ್ತದೆ. ಗೆಳೆಯರಿಂದ ಮ್ಯಾಗಜೀನಿನಲ್ಲಿ ಡಮ್ಮಿ ಬೆರೆಸಿಕೊಂಡು ಹೊಡೆದರೆ ಇನ್ನೂ ಚೆನ್ನ. 5 ಸೆಂಟಿಮೀಟರಿನ ಚುಕ್ಕೆಗೆ 3 ಗಜದಿಂದ ಶುರುಮಾಡಿ, ಐದಕ್ಕೆ ಐದೂ ಒಳಗೆ ಬಿದ್ದ ಮೇಲೆ 5 ಗಜ, ಆಮೇಲೆ 7. ಒಂದು ದಿನಕ್ಕೆ 50 ಗುಂಡು ಸಾಕು. ಅದಕ್ಕಿಂತ ಹೆಚ್ಚಾದರೆ ನೊಂದ ಕೈ ಅಂಜಿಕೆಯನ್ನೇ ಕಲಿಯುತ್ತದೆ. 95 ಗ್ರೇನಿನ (ಗ್ರೇನ್ ಗುಂಡಿನ ತೂಕದ ಅಳತೆ) ಸಾದಾ ಗುಂಡಿನಲ್ಲಿ ಅಭ್ಯಾಸ ಮಾಡಿ ಜೇಬಿನಲ್ಲಿ 90 ಗ್ರೇನಿನ ಬೇರೆ ಗುಂಡು ಇಟ್ಟುಕೊಳ್ಳುವವರು ಎರಡನ್ನೂ ಒಂದೇ ಹಾಳೆಗೆ ಹೊಡೆದು, ಬೀಳುವ ಜಾಗದಲ್ಲಿ ವ್ಯತ್ಯಾಸವಿದೆಯೇ ನೋಡಲಿ.

ಇದರಲ್ಲಿ ಕೈಯಿಂದ ಹಾಕುವ ಸೇಫ್ಟಿ ಇಲ್ಲ. ಟ್ರಿಗರ್ ಮುಚ್ಚುವ ಜೇಬು ಹೋಲ್‌ಸ್ಟರ್ ಕಡ್ಡಾಯ, ಆ ಜೇಬಿನಲ್ಲಿ ಕೀಲಿ, ಚಿಲ್ಲರೆ ಯಾವುದೂ ಇರಬಾರದು. ಜೇಬಿನ ನೂಲಿನ ಹಿಂಜು ಸ್ಲೈಡಿನೊಳಗೂ ಮ್ಯಾಗಜೀನಿಗೂ ಸೇರುತ್ತದೆ, ತಿಂಗಳಿಗೊಮ್ಮೆ ಒಣ ಬ್ರಷ್ಷಿನಿಂದ ತೆಗೆಯಿರಿ. ಬಿಚ್ಚುವಾಗ ಪಕ್ಕದ ಪುಟ್ಟ ಪಿನ್ ಹಾರಿಹೋಗದಂತೆ ಕೆಳಗೆ ಟವಲ್ ಹಾಸಿಕೊಳ್ಳಿ.

ಹಣ ಸ್ವಲ್ಪ ಹೆಚ್ಚು ಹಾಕಬಲ್ಲವರಿಗೆ 2016ರಲ್ಲಿ ಬಂದ ಎಲ್‌ಸಿಪಿ 2 ಹೆಚ್ಚು ಒಪ್ಪುತ್ತದೆ. ಅದರ ಎಳೆತ ಗಿಡ್ಡ, ಕೊನೆಯ ಗುಂಡಿಗೆ ಸ್ಲೈಡ್ ನಿಲ್ಲುತ್ತದೆ. ಎಲ್‌ಸಿಪಿ ಮ್ಯಾಕ್ಸ್‌ನಲ್ಲಿ ಸೈಟೂ ದೊಡ್ಡದು, 10 ಗುಂಡಿನ ಮ್ಯಾಗಜೀನ್. ಹಳೆಯದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಕ್ರಮಸಂಖ್ಯೆ ನೋಡಲಿ: 370ರಿಂದ ಶುರುವಾಗುವವನ್ನು, ಗಟ್ಟಿ ನೆಲಕ್ಕೆ ಬಿದ್ದರೆ ಸಿಡಿಯಬಹುದೆಂದು, ಕಂಪನಿ 2008ರಲ್ಲೇ ವಾಪಸ್ ಕರೆಸಿತ್ತು. ಆ ದುರಸ್ತಿ ಆಗಿದೆಯೇ ಎಂದು ಕಂಪನಿಯಲ್ಲೇ ವಿಚಾರಿಸಿ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮವರು ಇನ್ನೊಂದನ್ನು ಗಮನಿಸಬೇಕು: ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನಿನಲ್ಲಿ ನಿಮಗೆ ಬಂದೂಕು, ಗುಂಡು ಎರಡನ್ನೂ ಹೊಂದುವುದು ನಿಷಿದ್ಧ. ಗ್ರೀನ್ ಕಾರ್ಡಿನವರಿಗೆ ಆ ತಡೆ ಇಲ್ಲ, ರಾಜ್ಯದ ನಿಯಮ ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು.